ಖಣಿ ಓಣಿಗೆ ಕೊಟ್ಟ ಕೂಲಿ

ಮಸಾರಿಕೊಪ್ಪ,
ಸಾಲಿ ಹುಟ್ಟಿದ ನೂರಾ ಹದಿನೆಂಟನೆಯ ವರ್ಷ, ಎರಡನೆಯ ಬೇಸಿಗೆ, ಎಳ್ಳು ಬಡಿಯುವ ಗುರುವಾರ.
ನಿಮ್ಮ ಲೆಕ್ಕಕ್ಕೆ ಇಸವಿ ಎರಡು ಸಾವಿರದ ನೂರಾ ನಲವತ್ನಾಲ್ಕು.

ಊರಿಗೆ ಹೈಸ್ಕೂಲು ಕಟ್ಟಲು ಹೊರಟಿರುವ ಗುರುಸಿದ್ದಪ್ಪನವರಿಗೂ ಅವರ ಜೊತೆಗಿರುವ ಹಿರಿಯರೆಲ್ಲರಿಗೂ ಅದೇ ಊರಿನ ನೀಲಗಂಗವ್ವ ಮಾಡುವ ಶರಣಾರ್ಥಿಗಳು.

ತಾರೀಖು ನೋಡಿ ಗಾಬರಿಯಾಗಬೇಡಿ. ನಾನು ಇನ್ನೂ ಹುಟ್ಟಿಲ್ಲ, ನನ್ನ ಅಪ್ಪನೂ ಹುಟ್ಟಿಲ್ಲ. ಗುರುಸಿದ್ದಪ್ಪನವರೇ, ನೀವು ನನಗೆ ಮುತ್ತಜ್ಜ. ಆದರೆ ಈ ಕಾಗದ ನಿಮ್ಮ ಕೈಗೆ ಬರುವಾಗ ನಿಮಗೆ ನಲವತ್ತರ ಪ್ರಾಯ, ಬರೆಯುತ್ತಿರುವ ನನಗೆ ಎಪ್ಪತ್ತು. ಕೈ ಮುಗಿಯಬೇಕೋ ಕಿವಿ ಹಿಂಡಬೇಕೋ ತಿಳಿಯದೆ ಎರಡನ್ನೂ ಮಾಡುತ್ತಿದ್ದೇನೆ. ನಾನು ಓದಿದ್ದು ನಾಲ್ಕನೆಯ ಇಯತ್ತೆವರೆಗೆ. ಮುಂದೆ ತಮ್ಮಂದಿರನ್ನು ಎತ್ತಿಕೊಳ್ಳಲು ಸೊಂಟ ಬೇಕಾಗಿತ್ತು, ತಲೆ ಬೇಕಾಗಿರಲಿಲ್ಲ. ಹಾಗಾಗಿ ಮಾತು ಒರಟಾದರೆ, ನಿಮ್ಮ ಕಾಲದಲ್ಲಿಲ್ಲದ ಶಬ್ದ ನಡುವೆ ಬಂದರೆ, ಹೊಟ್ಟೆಗೆ ಹಾಕಿಕೊಳ್ಳಿ. ಸಾಲಿ ಹುಟ್ಟಿದ ದಿನ ಊರಿನ ಒಬ್ಬ ಮುದುಕ ಇಲ್ಲವೆ ಮುದುಕಿ ಹಿಂದಿನವರಿಗೆ ಕಾಗದ ಕಳಿಸುವ ರೂಢಿ ನಮ್ಮಲ್ಲಿದೆ, ಅದಕ್ಕೆ ಹಿಂದುಟಪಾಲು ಎನ್ನುತ್ತೇವೆ. ಅದು ಹೇಗೆ ನಿಮ್ಮನ್ನು ಮುಟ್ಟುತ್ತದೆ ಎಂದು ವಿಜ್ಞಾನದ ಮಾಸ್ತರರು ಬಹಳ ಹೊತ್ತು ಬಿಡಿಸಿ ಹೇಳಿದರು. ನಾನು ಆಕಳಿಸಿದೆ. ಎಲ್ಲರೂ ಹೊಗಳಿಕೆ ಬರೆದು ಕಳಿಸುತ್ತಾರೆ. ಈ ವರ್ಷದ ಪಾಳಿ ನನ್ನದು. ನನಗೆ ಹೊಗಳಲು ನಾಲಿಗೆ ಏಳುತ್ತಿಲ್ಲ.

ಮೊದಲು ನಿಮ್ಮ ಮನಸ್ಸಿಗೆ ತಂಪಾಗುವ ಮಾತು ಹೇಳುತ್ತೇನೆ. ಸಾಲಿ ಬೆಳೆಯಿತು. ನೀವು ಹಾಕುವ ಮೂರು ಕೋಣೆ, ತಗಡಿನ ಮಾಡು, ಮಳೆ ಬಂದರೆ ಮಾಸ್ತರರ ಬಾಯಿ ಮಾತ್ರ ಕಾಣುವ ಸದ್ದು, ಎಲ್ಲ ದಾಟಿ ಮೇಲೊಂದು ಅಂತಸ್ತು ಬಂತು. ಹುಡುಗಿಯರ ವಸತಿಗೃಹ ಬಂತು. ಎಸ್ಸೆಸ್ಸೆಲ್ಸಿಗೆ ಪಟ್ಟಣಕ್ಕೆ ಹೋಗುವುದು ತಪ್ಪಿ, ಪಟ್ಟಣದವರೇ ಇಲ್ಲಿಗೆ ಬಂದು ಪರೀಕ್ಷೆ ಬರೆದರು. ಆಮೇಲೆ ಬಿಸಿಲು ಕೆಟ್ಟಿತು. ನಿಮ್ಮ ಬೇಸಿಗೆ ಒಂದು, ನಮ್ಮವು ಎರಡು. ನಡುವೆ ಮಳೆ ಬಂದು ಮುಖ ತೋರಿಸಿ ಹೋಗುತ್ತದೆ. ಊಟದ ಹೊತ್ತಿನಿಂದ ಇಳಿಹೊತ್ತಿನವರೆಗೆ ಯಾರೂ ಬಯಲಲ್ಲಿ ನಿಲ್ಲುವಂತಿಲ್ಲ, ಆ ಹೊತ್ತಿಗೆ ಬಾಗಿಲುಬಿಸಿಲು ಎಂದು ಹೆಸರು. ಮೇಲಿನ ಕೋಣೆಗಳು ಕಾದ ಹಂಚಿನಂತಾದಾಗ ಊರವರು ಸಾಲಿಯ ಕೆಳಗೆ ಬಂಡೆ ಕಡಿದು ನೆಲಸಾಲಿ ಮಾಡಿದರು. ಈಗ ಹೈಸ್ಕೂಲು ಇರುವುದು ಅಲ್ಲೇ, ನೆಲದೊಳಗೆ. ಹುರುಳಿ ಕಣಜದ ಹಾಗೆ ತಂಪು. ಗಾಳಿ ಬರಲು ಮೇಲಿನಿಂದ ಒಂದು ಕಿಂಡಿ ಬಿಟ್ಟಿದ್ದಾರೆ. ಸರಕಾರ ಮಾಸ್ತರರನ್ನು ಮಾತ್ರ ಕಳಿಸುತ್ತದೆ; ಗೋಡೆ, ನೀರು, ತಂಪು ಊರಿನ ಪಾಲು. ಕೂಲಿಯನ್ನೂ ನಾವು ನಿಮ್ಮಂತೆ ರೊಕ್ಕದಲ್ಲಿ ಕೊಡುವುದಿಲ್ಲ, ತಂಪುಬಿಲ್ಲೆ ಕೊಡುತ್ತೇವೆ. ಬಿಲ್ಲೆ ತೋರಿಸಿದರೆ ಬಾಗಿಲುಬಿಸಿಲಿನಲ್ಲಿ ಊರ ತಂಪುಮನೆಯೊಳಗೆ ಒಂದು ತಾಸು ಕೂರಬಹುದು.

ಇನ್ನು ನಾಚಿಕೆಯ ಮಾತು. ನೀವು ಸಾಲಿಯನ್ನು ಮುಯ್ಯಾಳಿನಿಂದ ಕಟ್ಟಬೇಕೆಂದು ನಿಶ್ಚಯ ಮಾಡಿದ್ದೀರಿ ಎಂದು ಬಲ್ಲೆ. ಒಳ್ಳೆಯ ವಿಚಾರ. ಮುಯ್ಯಿ ಏನೆಂದು ನಿಮಗೆ ನಾನು ಹೇಳಬೇಕಿಲ್ಲ: ಇವತ್ತು ನಾನು ನಿನ್ನ ಹೊಲಕ್ಕೆ ಬಂದರೆ ನಾಳೆ ನೀನು ನನ್ನ ಹೊಲಕ್ಕೆ, ಯಾರ ಕೆಲಸಕ್ಕೆ ಹೋದೆವೋ ಅವರ ಮನೆಯಲ್ಲೇ ಊಟ. ಅದರಂತೆ ಮನೆಗೊಬ್ಬರು ಬರುತ್ತಾರೆ, ಗೋಡೆ ಏಳುತ್ತದೆ, ಮಧ್ಯಾಹ್ನ ನಿಮ್ಮ ಅಂಗಳದಲ್ಲಿ ಎಲ್ಲರೂ ಒಂದೇ ಪಂಕ್ತಿಯಲ್ಲಿ ಕೂತು ರೊಟ್ಟಿ, ಪುಂಡಿಪಲ್ಯ ಉಣ್ಣುತ್ತಾರೆ. ಕಲ್ಲು ಕಡಿದು ಹೊತ್ತು ತರುವವರು ಮಾತ್ರ ಊರ ಹೊರಗೆ ಖಣಿಯ ಪಕ್ಕದಲ್ಲಿರುವ ಓಣಿಯವರು. ಅವರೂ ಮುಯ್ಯಾಳು ಎಂದರೆ ಅವರನ್ನೂ ಆ ಪಂಕ್ತಿಯಲ್ಲಿ ಕೂರಿಸಬೇಕು. ಆಗ ನೀವು ಒಂದು ಮಾತು ಹೇಳುತ್ತೀರಿ: "ಖಣಿ ಓಣಿಯವರನ್ನ ಬಿಟ್ಟಿ ದುಡಸೂದು ಬ್ಯಾಡ. ಅವರಿಗೆ ಕೂಲಿ ಕೊಡ್ರಿ, ಕೈ ತುಂಬ ಕೊಡ್ರಿ." ಎಲ್ಲರೂ ತಲೆದೂಗುತ್ತಾರೆ. ನನ್ನ ಅಜ್ಜಿ ಈ ಮಾತನ್ನು ಮನೆತನದ ಒಡವೆ ತೆಗೆದು ತೋರಿಸುವಂತೆ ಹೇಳುತ್ತಿದ್ದಳು. ನಮ್ಮ ಮಾವನವರು ಬಡವರ ಋಣ ಇಟ್ಟುಕೊಂಡವರಲ್ಲ ಎನ್ನುತ್ತಿದ್ದಳು. ನಾನೂ ನನ್ನ ಸೊಸೆಗೆ ಹಾಗೇ ಹೇಳಿದ್ದೇನೆ. ಕೈ ತುಂಬಿಸಿದಿರಿ, ಸರಿ. ತುಂಬಿಸಿದ್ದು ಆ ಕೈ ನಿಮ್ಮ ಅನ್ನದ ತನಕ ಚಾಚದಿರಲಿ ಎಂದು.

ಆ ಒಂದು ಮಾತಿನ ಮೇಲೆ ಏನೇನು ಬೆಳೆಯಿತು ಕೇಳಿ. ಸಾಲಿಗೆ ಮುಯ್ಯಿ ಮಾಡಿದ ಮನೆಗಳೆಲ್ಲ ಮುಯ್ಯಿಬಳಗವಾದವು. ನೆಲಸಾಲಿ ಕಡಿಯುವಾಗ ಸುತ್ತಲಿನ ಊರುಗಳ ಮನೆಗಳೂ ಬಂದು ದುಡಿದು ಉಂಡು ಬಳಗ ಸೇರಿದವು. ಕೆಳಗೆ ಜಾಗ ಇಕ್ಕಟ್ಟು, ಎಲ್ಲರಿಗೂ ಹಿಡಿಸದು ಎಂದಾಗ ಬಳಗದ ಮನೆಗೊಂದು ಮಣೆ ಎಂದು ಕಟ್ಟು ಮಾಡಿದರು. ಮಣೆ ಇದ್ದವರ ಮಕ್ಕಳು ಒಳಗೆ. ಆ ಬಂಡೆ ಕಡಿದವರು ಯಾರು? ಮತ್ತೆ ಖಣಿ ಓಣಿಯವರೇ. ಅವರಿಗೆ ಏನು ಕೊಟ್ಟರು? ಮತ್ತೆ ಕೂಲಿ. ಹಾಗಾಗಿ ಅವರಿಗೆ ಮಣೆ ಇಲ್ಲ. ಯಾರೂ ಅವರನ್ನು ಬೈಯಲಿಲ್ಲ, ಬಡಿಯಲಿಲ್ಲ, ಬಾಗಿಲಲ್ಲಿ ತಡೆಯಲಿಲ್ಲ. ಲೆಕ್ಕ ಚುಕ್ತಾ ಆಗಿದೆಯಲ್ಲ ಎಂದರು, ಅಷ್ಟೇ. ನಿಮ್ಮ ಕಾಲದಲ್ಲಿ ಸರಕಾರಿ ಸಾಲಿಗೆ ಯಾರು ಬೇಕಾದರೂ ಬರಬಹುದಾಗಿತ್ತಂತೆ. ನಾವು ಮುಂದುವರಿದಿದ್ದೇವೆ.

ಆ ಓಣಿಯಲ್ಲಿ ದುರಗವ್ವ ಎಂಬವಳಿದ್ದಾಳೆ. ಅವಳ ಮಗಳು ಹುಲಿಗೆವ್ವ ಈ ವರ್ಷ ಎಂಟನೆಯದು ಮುಗಿಸಿ ಒಂಬತ್ತಕ್ಕೆ ಬರಬೇಕಾದವಳು. ಮಣೆ ಇಲ್ಲದ್ದಕ್ಕೆ ಅವಳು ಸಾಲಿಯ ಮೇಲೆ, ಗಾಳಿಗಿಂಡಿಯ ಬಾಯಿಗೆ ಕಿವಿಯಿಟ್ಟು ಬೋರಲು ಬೀಳುತ್ತಾಳೆ. ಕೆಳಗೆ ಮಾಸ್ತರರು ಪ್ರಶ್ನೆ ಕೇಳಿದರೆ ಮೇಲಿನಿಂದ ಉತ್ತರ ಬರುತ್ತದೆ. ಅವಳು ದೊಡ್ಡ ಜಾಣೆ ಎಂದು ತಿಳಿಯಬೇಡಿ. ಅರ್ಧ ಕೇಳಿಸಿದ್ದಕ್ಕೆ ಅರ್ಧ ಉತ್ತರ, ಅದರಲ್ಲೂ ಬಹಳಷ್ಟು ತಪ್ಪು. ಮಕ್ಕಳು ನಗುತ್ತಾರೆ. ಮಾಸ್ತರರು, "ಮ್ಯಾಲಿನಾಕಿ, ತಡಿಯವಾ, ಕೆಳಗ ಕುಂತವರು ಮೊದಲ ಹೇಳ್ಲಿ" ಎನ್ನುತ್ತಾರಂತೆ. ಆಗ ಅವಳು ಕಿಂಡಿಯೊಳಗಿಂದಲೇ, "ಅವರು ನಿದ್ದಿ ಹೊಡಿಯಾಕತ್ಯಾರ್ರೀ ಸರ್, ಗೊರಕಿ ಇಲ್ಲೀತನ ಕೇಳತೈತಿ" ಎಂದಳಂತೆ. ಇದನ್ನೆಲ್ಲ ನನಗೆ ಹೇಳುವವಳು ನನ್ನ ಮೊಮ್ಮಗಳು ಇಂದವ್ವ, ಅದೇ ತರಗತಿಯವಳು.

ಹೋದ ವಾರ ಹುಲಿಗೆವ್ವ ಬಾಗಿಲುಬಿಸಿಲು ಬಿದ್ದರೂ ಏಳದೆ ಅಲ್ಲೇ ಮೂರ್ಛೆ ಹೋದಳು. ಬದುಕಿದಳು. ಊರವರು ಕೂಡಿದರು. ನಾನು, ಇನ್ನು ಒಳಗೆ ಕರೆಯುತ್ತಾರೆ ಎಂದುಕೊಂಡೆ. ಬಂದ ತೀರ್ಮಾನ ಕೇಳಿ: "ಕಿಂಡಿಗೆ ಜಾಳಗಿ ಹಾಕಿ ಸುತ್ತ ಮುಳ್ಳಬೇಲಿ ಬಡದಬಿಡೂಣು. ಪಾಪ, ಕೂಸಿನ ಜೀವಕ್ಕ ಏನರ ಆಗಬಾರದು." ಬರುವ ಸೋಮವಾರ ಬೇಲಿ. ಎಷ್ಟು ಕರುಣೆ ನೋಡಿ ನಮ್ಮ ಜನಕ್ಕೆ. ನಿಮ್ಮ ವಂಶವೇ.

ಆ ರಾತ್ರಿ ಇಂದವ್ವ ರೊಟ್ಟಿ ಮುರಿಯುತ್ತ ಕೇಳಿದಳು: "ಆಯೀ, ಹುಲಿಗಿಗೆ ಮಣಿ ಯಾಕಿಲ್ಲ?" ಅವರ ಮನೆಯವರು ಮುಯ್ಯಿ ಮಾಡಿಲ್ಲ ಎಂದೆ. "ಮತ್ತ ಸಾಲಿ ಕಲ್ಲು ಯಾರು ಕಡದ್ರು?" ಅದಕ್ಕೆ ಕೂಲಿ ಕೊಟ್ಟೇವಲ್ಲ ಎಂದೆ. "ಎಲ್ಲಾರಿಗೂ ಊಟ ಹಾಕಿ ಅವರಿಗಷ್ಟ ಯಾಕ ಕೂಲಿ ಕೊಟ್ರಿ?" ಊರಲ್ಲಿ ನನ್ನ ಬಾಯಿಗೆ ಹೆದರಿ ನಾಯಿ ಕೂಡ ದಾರಿ ಬಿಡುತ್ತದೆ. ಆ ಹುಡುಗಿಯ ಮುಂದೆ ನಾನು, ಸುಮ್ಮನೆ ಉಣ್ಣು ಎಂದೆ.

ಬಳಗದ ಕಟ್ಟಿನಲ್ಲಿ ಒಂದು ದಾರಿ ಇದೆ. ಬಳಗದ ಮನೆಯವರು ಯಾರದೋ ಮನೆಗೆ ಹೋಗಿ ದುಡಿದು ಉಂಡು ಬಂದರೆ, ಆ ಮನೆಯವರು ಇವರ ಮನೆಗೆ ಬಂದು ದುಡಿದು ಉಂಡು ತೀರಿಸಬೇಕು. ತೀರಿಸಿದರೆ ಅವರೂ ಬಳಗ. ಅವರಿಗೂ ಮಣೆ. ಯಾರೂ ಇಲ್ಲವೆನ್ನುವಂತಿಲ್ಲ. ಹಾಗಾಗಿ ನಿನ್ನೆ ಬುಧವಾರ ನಸುಕಿನಲ್ಲಿ ನಾನು ಸೆರಗು ಬಿಗಿದು ಖಣಿ ಓಣಿಗೆ ಹೋದೆ. ದುರಗವ್ವ ಗೋಡೆಗೆ ಮಣ್ಣು ಮೆತ್ತುತ್ತಿದ್ದಳು. "ಏನ್ರಿ ಅಮ್ಮಾರ, ದಾರಿ ತಪ್ಪಿದ್ರೇನು?" ಎಂದಳು. "ದಾರಿ ತಪ್ಪಿದಾಂವ ನಮ್ಮ ಮುತ್ತಜ್ಜ. ನಾ ನೆಟ್ಟಗ ಬಂದೀನಿ. ಮಣ್ಣ ಕೊಡು" ಎಂದೆ. ಅವಳು ನಕ್ಕು ಬುಟ್ಟಿ ಕೊಟ್ಟಳು. ಎಪ್ಪತ್ತರ ಮುದುಕಿ ಮೆತ್ತಿದ ಗೋಡೆ ಹೇಗಿರಬೇಕೋ ಹಾಗಿತ್ತು. ದುರಗವ್ವ ಮಾತ್ರ, "ಚಲೋ ಆಗೇತ್ರಿ" ಎಂದಳು. ನಾನು ಈ ಕಡೆ ತಿರುಗಿದಾಗ ಅವಳು ಅದನ್ನು ಮೆಲ್ಲಗೆ ಸರಿಮಾಡುತ್ತಿದ್ದುದು ನನಗೆ ಗೊತ್ತಾಯಿತು. ಮೂರ್ಛೆಯಿಂದ ಎದ್ದ ಹುಲಿಗೆವ್ವ ಒಳಗೆ ಮಲಗಿದ್ದಳು. ಅಲ್ಲಿಂದಲೇ, "ಅಜ್ಜೀ, ಗ್ವಾಡಿ ಬೀಳತೈತಿ, ನಮ್ಮವ್ವ ಸುಳ್ಳ ಹೊಗಳಾಕತ್ಯಾಳ" ಎಂದಳು. ಅವಳ ಬಾಯಿ ನನಗೆ ಸೇರಿತು.

ಊಟದ ಹೊತ್ತಾಯಿತು. ನಾನು ಕೈಕಾಲು ತೊಳೆದು ಪಡಸಾಲೆಯಲ್ಲಿ ಕಾಲು ಮಡಚಿ ಕೂತೆ. ಒಳಗೆ ರೊಟ್ಟಿ ಬಡಿಯುವ ಸದ್ದು, ಒಗ್ಗರಣೆಯ ವಾಸನೆ. ಹಸಿವೆಯೂ ಚೆನ್ನಾಗಿತ್ತು. ದುರಗವ್ವ ಹೊರಗೆ ಬಂದಳು. ನಾನು ಕೈ ಚಾಚಿದೆ. ಅವಳು ನನ್ನ ಅಂಗೈಯಲ್ಲಿ ತಂಪುಬಿಲ್ಲೆ ಇಟ್ಟಳು. "ಒಂದು ಹೆಚ್ಚಿಗೇನ ಕೊಟ್ಟೀನ್ರಿ ಅಮ್ಮಾರ" ಎಂದಳು. ಚುಚ್ಚಬೇಕೆಂದು ಮಾಡಿದ್ದಲ್ಲ. ಊರಿಗೂ ಓಣಿಗೂ ನಡುವೆ ಕೈಯಿಂದ ಕೈಗೆ ದಾಟಿದ್ದು ನೀವು ಕಲಿಸಿದ ಅದೊಂದೇ. ಅವಳು ಅದನ್ನೇ ಮರ್ಯಾದೆ ಎಂದು ಬಲ್ಲವಳು. ಗುರುಸಿದ್ದಪ್ಪನವರೇ, ಮಣ್ಣು ಮೆತ್ತಿ ಹಸಿದು ಕೂತವಳ ಕೈಗೆ ಅನ್ನದ ಬದಲು ಅದು ಬಿದ್ದಾಗ ಹೇಗಿರುತ್ತದೆ ಎಂದು ನನಗೆ ಆಗ ಗೊತ್ತಾಯಿತು. ಒಳಗೆ ಒಲೆ ಉರಿಯುತ್ತಿತ್ತು, ನನ್ನದಲ್ಲದ ಒಲೆ.

"ನಾ ಕೂಲಿಗೆ ಬಂದಾಕಿ ಅಲ್ಲ ದುರಗವ್ವ, ಮುಯ್ಯಿಗೆ ಬಂದಾಕಿ. ರೊಟ್ಟಿ ಕೊಡು" ಎಂದೆ. ಅವಳು ಬಾಗಿಲ ಚೌಕಟ್ಟಿಗೆ ಒರಗಿ ನನ್ನನ್ನೇ ನೋಡಿದಳು. ಆಮೇಲೆ ಮೆತ್ತಗೆ, "ರೊಟ್ಟಿ ಕೊಡಾಕ ನನಗೇನ ತ್ರಾಸಿಲ್ರಿ. ನೀವು ಉಂಡ್ರ ನಾ ನಿಮ್ಮ ಮನಿಗೆ ಮುಯ್ಯಿ ತೀರಸಾಕ ಬರಬೇಕು. ಬಂದ್ರ ನನ್ನ ಉಣ್ಣಾಕ ಎಲ್ಲಿ ಕುಂದ್ರಸ್ತೀರಿ? ಅದನ್ನ ಮೊದಲ ಹೇಳ್ರಿ" ಎಂದಳು.

ಜಾಗ ನಾನು ಆಗಲೇ ಗೊತ್ತು ಮಾಡಿಟ್ಟಿದ್ದೆ. ಹಿತ್ತಲ ಚಪ್ಪರದ ಕೆಳಗೆ. ಹೊಸ ಚಾಪೆ ಕೂಡ ತೆಗೆದಿಟ್ಟಿದ್ದೆ, ಹೊಸದಲ್ಲವೇ ಎಂದು ಒಳಗೊಳಗೆ ಬೀಗಿಯೂ ಇದ್ದೆ. ದುರಗವ್ವನಿಗೆ ನನ್ನ ಮುಖದಲ್ಲೇ ಹಿತ್ತಲು ಕಂಡಿರಬೇಕು. "ಬಿಡ್ರಿ ಅಮ್ಮಾರ. ಬಿಸಲ ಏರಾಕತ್ತೈತಿ, ಬಿಲ್ಲೆ ತಗೊಂಡು ತಂಪಿನ್ಯಾಗ ಕುಂದ್ರ ಹೋಗ್ರಿ" ಎಂದಳು. ಬಿಲ್ಲೆಯನ್ನು ಸೆರಗಿಗೆ ಕಟ್ಟಿಕೊಂಡು ಬಂದೆ. ತಂಪುಮನೆಯ ಮುಂದೆಯೇ ದಾಟಿದೆ, ಒಳಗೆ ಹೋಗಲಿಲ್ಲ. ಮುತ್ತಜ್ಜ ಹೊಸ ಕೂಲಿ ಕೊಟ್ಟ, ಮರಿಮಗಳು ಹೊಸ ಚಾಪೆ ಹಾಸಿದಳು. ಇಷ್ಟೇ ನಮ್ಮ ಮನೆತನ ನೂರು ವರ್ಷದಲ್ಲಿ ನಡೆದ ದೂರ.

ಮನೆಗೆ ಬಂದು ಒಲೆಯ ಮುಂದಿನ ಡಬ್ಬಿ, ಹಿಟ್ಟಿನ ಕೊಳಗ ಎಲ್ಲ ಎತ್ತಿಡು ಎಂದು ಸೊಸೆಗೆ ಹೇಳಿದೆ. "ಮಂದಿ ಏನಂತಾರ್ರಿ ಅತ್ತಿ?" ಎಂದಳು. "ಮಂದಿಗೆ ಹಸಿವಿ ಆದ್ರ ಅವರೂ ಬರ್ಲಿ, ರೊಟ್ಟಿ ಅದಾವು" ಎಂದೆ. ಇವತ್ತು ನಸುಕಿನಲ್ಲಿ ಮತ್ತೆ ಹೋಗಿ ದುರಗವ್ವನ ಬಾಗಿಲಲ್ಲಿ ನಿಂತು, "ಒಲಿ ಮುಂದ, ನನ್ನ ಮಗ್ಗಲಕ" ಎಂದೆ. ಅವಳು ಮಣ್ಣಿನ ಬುಟ್ಟಿಯನ್ನು ನನ್ನ ಕಡೆ ಸರಿಸಿದಳು. ಇವತ್ತೂ ಮಧ್ಯಾಹ್ನ ಬಿಲ್ಲೆಯೇ ಕೊಟ್ಟಳು. ನಾಳೆಯೂ ಹೋಗುತ್ತೇನೆ, ನಾಡಿದ್ದೂ ಹೋಗುತ್ತೇನೆ. ಸೋಮವಾರ ಬೇಲಿ ಬಡಿಯುವ ಹೊತ್ತಿಗೆ ಅವಳು ನನಗೆ ರೊಟ್ಟಿ ಕೊಟ್ಟಿರುತ್ತಾಳೋ ಇಲ್ಲವೋ ಅವಳಿಗೆ ಬಿಟ್ಟದ್ದು. ಕೇಳುವ ಹಕ್ಕು ನಮಗಿಲ್ಲ. ಕೊಡದಿದ್ದರೆ ಸೋಮವಾರ ನಾನೇ ಹೋಗಿ ಆ ಕಿಂಡಿಯ ಮೇಲೆ ಅಂಗಾತ ಬೀಳುತ್ತೇನೆ. ನನ್ನನ್ನು ಎತ್ತಿ ಬೇಲಿ ಬಡಿಯುವ ಗಂಡಸು ಊರಲ್ಲಿಲ್ಲ.

ನನ್ನ ಕೇಳಿಕೆ ದೊಡ್ಡದಲ್ಲ. ಈ ಕಾಗದ ಕೈಗೆ ಬಂದ ಮರುದಿನ ನೀವು ಅಡಿಗಲ್ಲು ಇಡುತ್ತೀರಿ. ಖಣಿಯಿಂದ ಮೊದಲ ಕಲ್ಲು ಬಂದು ಇಳಿಯುತ್ತದೆ. ಹೊತ್ತು ತಂದವರು ಬೆವರು ಒರೆಸಿಕೊಂಡು ನಿಲ್ಲುತ್ತಾರೆ. ಆಗ ನಿಮ್ಮ ಕೈ ಕಿಸೆಗೆ ಹೋಗುತ್ತದೆ. ಅಲ್ಲೇ ತಡೆಯಿರಿ. ನೀವು ಹಾಗೆ ಮಾಡಿದರೆ ನನಗೆ ಈ ಕಾಗದ ಬರೆಯುವ ಪ್ರಸಂಗವೇ ಬರುವುದಿಲ್ಲ, ಬರೆದದ್ದೆಲ್ಲ ಅಳಿಸಿಹೋಗುತ್ತದೆ ಎಂದು ಮಾಸ್ತರರು ಹೆದರಿಸಿದರು. ಅಳಿಸಿಹೋಗಲಿ. ನನ್ನ ಅಕ್ಷರ ಮೊದಲೇ ಚೆಂದವಿಲ್ಲ.

ಅವರನ್ನು ಉಣ್ಣಲು ಎಲ್ಲಿ ಕೂರಿಸುತ್ತೀರಿ, ಅದನ್ನು ಮೊದಲು ಗೊತ್ತು ಮಾಡಿ. ಕಲ್ಲು ಆಮೇಲೆ ಇಡಿ.

ನಿಮ್ಮ ಮರಿಮಗಳು,
ನೀಲಗಂಗವ್ವ