ಚೆಂಡು ಮುಟ್ಟಿದವನ ತಕರಾರು

ಗದಗ,
ಫೆಬ್ರುವರಿ ೩೦, ೨೧೮೯

ಗಂಗಾಂಬಿಕಾ ಕಡ್ಲಿಕೊಪ್ಪ ಅವರಿಗೆ,

ತಾರೀಖು ತಪ್ಪಾಗಿಲ್ಲ. ನಮ್ಮ ಕಾಲದಲ್ಲಿ ಫೆಬ್ರುವರಿಗೂ ಮೂವತ್ತು ದಿನಗಳಿವೆ. ಯಾಕೆಂದು ವಿವರಿಸುವ ತಾಳ್ಮೆ ನನಗಿಲ್ಲ. ಹಿಂದಿನವರಿಗೆ ಬರೆಯುವಾಗ ನಮ್ಮ ಮಾತು ವಿಚಿತ್ರವೆನಿಸಿದರೆ ಮನ್ನಿಸಬೇಕು ಎಂದು ಮೊದಲಿಗೇ ಕೇಳಿಕೊಳ್ಳುವ ಪದ್ಧತಿಯಿದೆ. ಕೇಳಿಕೊಂಡಿದ್ದೇನೆ. ಈ ಪತ್ರದಲ್ಲಿ ಇನ್ನು ಬೇರೆ ಯಾವುದಕ್ಕೂ ನಿಮ್ಮ ಕ್ಷಮೆ ಕೇಳುವುದಿಲ್ಲ.

ನಾನು ಇಂದುಧರ, ನಿಮ್ಮ ಆರನೆಯ ತಲೆಮಾರಿನವನು. ವರಸೆಯಲ್ಲಿ ನೀವು ನನಗೆ ಅಜ್ಜಿ, ಆಯಿ. ಆದರೆ ಇದು ನಿಮ್ಮ ಕೈಸೇರುವಾಗ ನಿಮಗೆ ಇಪ್ಪತ್ತೊಂಬತ್ತು, ನನಗೆ ಮೂವತ್ತಮೂರು. ಹಾಗಾಗಿ ಹಿರಿಯರೆಂಬ ಸಂಕೋಚವನ್ನು ಬದಿಗಿಟ್ಟು ಬರೆಯುತ್ತಿದ್ದೇನೆ. ಹಿಂದಿನ ಕಾಲಕ್ಕೆ ಕಾಗದ ಒಯ್ಯುವ ಕಚೇರಿಗೆ ನಾವು ಹಿಂದಂಚೆ ಎನ್ನುತ್ತೇವೆ. ಒಬ್ಬರಿಗೆ ಜೀವಮಾನದಲ್ಲಿ ಒಂದೇ ಪತ್ರ, ಅದಕ್ಕೆ ಉತ್ತರ ಬರುವುದಿಲ್ಲ. ಮದುವೆಗೆ ಮುಂಚೆಯೋ ಹೆರಿಗೆಗೆ ಮುಂಚೆಯೋ ಜನ ಅಲ್ಲಿಗೆ ಹೋಗುತ್ತಾರೆ. ಕಿಟಕಿಯಲ್ಲಿ ಕೂತಿದ್ದ ಹೆಣ್ಣುಮಗಳು ನನ್ನನ್ನೂ ಕೇಳಿದಳು: “ಆಶೀರ್ವಾದ ಬೇಡೂ ಪತ್ರ ಏನ್ರಿ? ಅದಕ್ಕ ಬ್ಯಾರೆ ಲಕೋಟೆ ಐತಿ.”

“ಅಲ್ರಿ, ಜಗಳದ್ದು,” ಅಂದೆ. ಆಕೆ ತಲೆಯೆತ್ತದೆ ಸಾದಾ ಲಕೋಟೆ ಕೊಟ್ಟಳು.

ನಾನು ಬ್ಯಾಸ್ಕೆಟ್‌ಬಾಲ್ ಆಟಗಾರ. ಆಗಿದ್ದೆ. ನಿಮ್ಮ ಕಾಲದಲ್ಲಿ ಈ ಆಟಕ್ಕೆ ನಮ್ಮ ಸೀಮೆಯಲ್ಲಿ ಅಂಥ ಬೆಲೆ ಇರಲಿಲ್ಲವೆಂದು ಓದಿದ್ದೇನೆ. ಈಗ ಹಾಗಲ್ಲ. ಇಲ್ಲಿ ಬೆಳಗಿನ ಒಂಬತ್ತರ ಮೇಲೆ ಬಿಸಿಲಿನಲ್ಲಿ ಯಾರೂ ಹೊರಗೆ ನಿಲ್ಲಲಾರರು. ಮಧ್ಯಾಹ್ನವಿಡೀ ಊರು ಬಾಗಿಲು ಹಾಕಿಕೊಂಡು ಮಲಗಿರುತ್ತದೆ. ಅದಕ್ಕೇ ದೊಡ್ಡ ಬಯಲಿನ ಆಟಗಳೆಲ್ಲ ಸತ್ತು, ಮೂವತ್ತಡಿ ಆಳದ ತಂಪುಗುಂಡಿಯಲ್ಲಿ ಆಡುವ ಈ ಆಟ ಉಳಿದುಕೊಂಡಿತು. ಬೆಳಗಿನ ಐದಕ್ಕೆ ಪಂದ್ಯ ಶುರು. ನಾಲ್ಕು ಸಾವಿರ ಜನ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಮೆಟ್ಟಿಲಿಳಿದು ಬಂದು ಕೂಡುತ್ತಾರೆ. ಆಟಗಾರ ಅಂಗಳಕ್ಕೆ ಕಾಲಿಡುವ ಮೊದಲು ನೆಲ ಮುಟ್ಟಿ ಹಣೆಗೊತ್ತಿಕೊಳ್ಳುತ್ತಾನೆ. ಚೆಂಡಿಗೆ ಸಾಕ್ಷಿಚೆಂಡು ಎಂದು ಹೆಸರು. ತನ್ನನ್ನು ಯಾರು, ಯಾವ ಕ್ಷಣದಲ್ಲಿ ಮುಟ್ಟಿದರೆಂಬುದನ್ನು ಅದೇ ಬರೆದಿಟ್ಟುಕೊಳ್ಳುತ್ತದೆ.

ನಮ್ಮ ಊರಿನ ತಂಡ ಗಿರಕಿ ಬಳಗ. ಅದರಲ್ಲಿ ನಾನು ಒಂಬತ್ತು ವರ್ಷ ಇದ್ದೆ. ಆರು ವರ್ಷ ಆಡಿದೆ, ಮೂರು ವರ್ಷ ಬೆಂಚಿನ ಮೇಲೆ ಕೂತೆ. ಆರನೆಯ ವರ್ಷದ ಫೈನಲ್‌ನಲ್ಲಿ, ಕೊನೆಯ ಗಳಿಗೆಯಲ್ಲಿ, ಕೋಚ್ ರುದ್ರಮುನಿ ಚೆಂಡನ್ನು ಇನ್ನೊಬ್ಬನಿಗೆ ಕೊಡು ಎಂದು ಕೂಗಿದರು. ನಾನು ಕೊಡಲಿಲ್ಲ. ನಾನೇ ಎಸೆದೆ. ಚೆಂಡು ಬುಟ್ಟಿಯ ಅಂಚಿಗೆ ಬಡಿದು ಹೊರಗೆ ಬಿತ್ತು, ನಾವು ಒಂದು ಅಂಕದಿಂದ ಸೋತೆವು. ತಪ್ಪು ನನ್ನದೇ. ಅದನ್ನು ಅಂದೇ ಎಲ್ಲರೆದುರು ಒಪ್ಪಿಕೊಂಡೆ.

ತಂಡದ ಅಧ್ಯಕ್ಷೆ ನೀಲಗಂಗಾ ಬೂದಿಹಾಳ ಒಂದು ತಿಂಗಳು ನನ್ನ ಮುಖ ನೋಡಲಿಲ್ಲ. ಬಳ್ಳಾರಿಯ ತಂಡದವರು ನನ್ನನ್ನು ಕರೆದಾಗ, ಬಿಟ್ಟುಕೊಡಿ ಎಂದು ಕೇಳಲು ನಾನೇ ಆಕೆಯ ಕೋಣೆಗೆ ಹೋದೆ. ಆಕೆ ಗೋಧಿ ಹುಗ್ಗಿ ಉಣ್ಣುತ್ತಿದ್ದರು. ಚಮಚ ಕೆಳಗಿಡದೆಯೇ ಹೇಳಿದರು: “ನಮ್ಮ ಎದುರಿಗೆ ನಿಂತು ನೀ ಆಡೂದನ್ನ ನಾ ನೋಡಂಗಿಲ್ಲ. ನಮ್ಮ ಪರವಾಗಿನೂ ಆಡ್ಸಂಗಿಲ್ಲ. ಕುಂದ್ರು.”

ಕೂತೆ. ಒಂದು ಋತುವಿಗೆ ನಲವತ್ತು ಪಂದ್ಯ. ಉಳಿದವರಿಗಿಂತ ಮುಂಚೆ ಬಂದು ಮೈ ಬಿಸಿ ಮಾಡಿಕೊಳ್ಳುತ್ತಿದ್ದೆ, ಪಂದ್ಯ ಶುರುವಾದೊಡನೆ ಅದು ತಣ್ಣಗಾಗುತ್ತಿತ್ತು. ನನಗಿಂತ ಅರ್ಧ ಆಟವೂ ಬಾರದವರು ನನ್ನೆದುರು ಓಡಾಡಿದರು. ಅವರಿಗೆ ಟವೆಲ್ ಕೊಟ್ಟೆ. ಒಂದೇ ಒಂದು ಸಮಾಧಾನವಿತ್ತು. ಇಡೀ ಋತು ಆಡಿಸದಿದ್ದರೆ ಆಟಗಾರ ತಾನಾಗಿ ಬಿಡುಗಡೆ ಹೊಂದುತ್ತಾನೆ, ಆಡಿದ್ದರೆ ಮಾತ್ರ ಅವನನ್ನು ಮುಂದಿನ ಋತುವಿಗೂ ಉಳಿಸಿಕೊಳ್ಳುವ ಹಕ್ಕು ತಂಡಕ್ಕಿದೆ ಎಂದು ಕರಾರಿನಲ್ಲಿತ್ತು. ನಲವತ್ತನೆಯ ಪಂದ್ಯದಲ್ಲಿ ಆರು ಸೆಕೆಂಡು ಉಳಿದಿರುವಾಗ ರುದ್ರಮುನಿ ನನ್ನ ಭುಜ ತಟ್ಟಿದರು. “ಏಳು. ಹೋಗು.” ನನ್ನನ್ನು ಕ್ಷಮಿಸಿದ್ದಾರೆ ಎಂದುಕೊಂಡೆ. ನೆಲ ಮುಟ್ಟಿ ಒಳಗೆ ಓಡಿದೆ, ಚೆಂಡು ಬಂತು, ದೂರದಿಂದಲೇ ಎಸೆದೆ, ಬುಟ್ಟಿಗೆ ಬಿತ್ತು. ಜನ ಎದ್ದು ನಿಂತು ನನ್ನ ಹೆಸರು ಕೂಗಿದರು. ನಾನು ಅತ್ತೆ ಕೂಡ. ಮರುದಿನ ಬೆಳಿಗ್ಗೆ ನೋಟೀಸು ಬಂತು: ಈ ಋತುವಿನಲ್ಲಿ ನೀವು ಆಡಿದ್ದೀರಿ, ಆದ್ದರಿಂದ ಇನ್ನೊಂದು ವರ್ಷ ನಮ್ಮವರು.

ಅದರ ಕೆಳಗೆ ನಿಮ್ಮ ವಾಕ್ಯವಿತ್ತು, ಆಯಿ. ಎಲ್ಲ ತಂಡಗಳ ಕರಾರಿನಲ್ಲೂ ನೂರಅರವತ್ತು ವರ್ಷದಿಂದ ಒಂದಕ್ಷರ ಬದಲಾಗದೆ ಉಳಿದಿರುವ ವಾಕ್ಯ: “ಪಂದ್ಯ ನಡೆಯುತ್ತಿರುವಾಗ ಅಂಗಳದಲ್ಲಿ ನಿಂತು ಒಮ್ಮೆಯಾದರೂ ಚೆಂಡು ಮುಟ್ಟಿದ ಆಟಗಾರನನ್ನು ಆ ಋತುವಿನಲ್ಲಿ ಆಡಿದವನೆಂದೇ ಪರಿಗಣಿಸತಕ್ಕದ್ದು.”

ನೀವು ಇದನ್ನು ಇನ್ನೂ ಬರೆದಿಲ್ಲ. ಹನ್ನೊಂದು ದಿನ ಬಾಕಿಯಿದೆ. ಹುಬ್ಬಳ್ಳಿಯಲ್ಲಿ ಆಟಗಾರರ ಸಂಘದ ವಕೀಲರಾಗಿ ನೀವು ಯಾಕೆ ಇದನ್ನು ಬರೆದಿರೆಂಬುದು ನಿಮ್ಮ ದಿನಚರಿಯಲ್ಲಿದೆ, ದಿನಚರಿ ನಮ್ಮ ಮನೆಯಲ್ಲಿದೆ. ಬಾಗಲಕೋಟೆಯ ಒಬ್ಬ ಆಟಗಾರ ಮೊದಲ ಪಂದ್ಯದ ಮೊದಲ ನಿಮಿಷದಲ್ಲೇ ಕಾಲು ಮುರಿದುಕೊಂಡ. ಅವನು ಆಡಿಯೇ ಇಲ್ಲ ಎಂದು ತಂಡ ಅವನ ಚಿಕಿತ್ಸೆಗೆ ಕೈಯೆತ್ತಿತು. ಇನ್ನು ಯಾರಿಗೂ ಹಾಗಾಗಬಾರದೆಂದು ನೀವು ಬರೆದಿರಿ. ಆ ದಿನ ಸಂಜೆ ಗೆಳತಿಯರಿಗೆ ಓದಿ ಹೇಳಿದಿರಿ, ಅವರೆಲ್ಲ ಮೆಚ್ಚಿದರು. ಅದನ್ನೂ ಬರೆದುಕೊಂಡಿದ್ದೀರಿ.

ಎರಡನೆಯ ವರ್ಷ ನಾನು ಮೊದಲೇ ಎಚ್ಚೆತ್ತಿದ್ದೆ. ಅಂಗಳಕ್ಕಿಳಿಯಲು ಒಲ್ಲೆ ಎಂದರೆ ಅದು ಕರಾರು ಭಂಗ, ಆಜೀವ ನಿಷೇಧ. ಇಳಿಯಲೇಬೇಕು, ಆದರೆ ಚೆಂಡು ಮುಟ್ಟಬಾರದು. ತಂಡದಲ್ಲಿ ನನಗೆ ಒಬ್ಬನೇ ಗೆಳೆಯ, ಸಂಗಣ್ಣ. ಆರು ವರ್ಷ ಒಂದೇ ಕೋಣೆಯಲ್ಲಿದ್ದವರು ನಾವು. ಕೊನೆಯ ಪಂದ್ಯಕ್ಕೆ ಮುಂಚೆ ಬೂಟು ಕಟ್ಟಿಕೊಳ್ಳುವಾಗ ಅವನಿಗೆ ಹೇಳಿದೆ: “ನನ್ನ ಕಡೆ ಚೆಂಡು ಒಗೀಬ್ಯಾಡಪಾ.”

“ನಿನ್ನಾಣಿ, ಒಗಿಯಂಗಿಲ್ಲ. ನಾ ಏನ್ ಅಷ್ಟು ಕೆಟ್ಟಾವನೇನು?” ಎಂದ.

ನಾಲ್ಕು ಸೆಕೆಂಡು ಉಳಿದಾಗ ನನ್ನನ್ನು ಕಳಿಸಿದರು. ಕೈ ಹಿಂದೆ ಕಟ್ಟಿಕೊಂಡು ಮೂಲೆಗೆ ಹೋಗಿ ನಿಂತೆ. ಚೆಂಡು ಸಂಗಣ್ಣನ ಕೈಯಲ್ಲಿತ್ತು. “ಸಂಗಣ್ಣಾ, ಅವಂಗ ಕೊಡು!” ಎಂದು ರುದ್ರಮುನಿ ಅರಚಿದರು. ಅವನು ಒಮ್ಮೆ ನನ್ನನ್ನು ನೋಡಿದ, ಒಮ್ಮೆ ಮೇಲೆ ಅಧ್ಯಕ್ಷೆ ಕೂತ ಜಾಗವನ್ನು ನೋಡಿದ. ಅವನ ಕರಾರೂ ಅದೇ ವಾರ ಮುಗಿಯುತ್ತಿತ್ತು. ಅವನ ಕೈ ಮೇಲೇಳುವುದನ್ನು ಕಂಡು ನಾನು ತಿರುಗಿಕೊಂಡೆ. ಚೆಂಡು ಬೆನ್ನಿಗೆ ಬಡಿಯಿತು. ಜನ ನಕ್ಕರು.

ನಾನು ಧಾರವಾಡದ ಆಟನ್ಯಾಯ ಮಂಡಳಿಗೆ ಹೋದೆ. ಆಟಗಾರರ ತಕರಾರುಗಳನ್ನು ಮೂವರು ಹಿರಿಯರು ಕೂತು ತೀರ್ಮಾನಿಸುವ ಜಾಗ ಅದು. ನಾನು ಚೆಂಡನ್ನು ಮುಟ್ಟಲಿಲ್ಲ, ಚೆಂಡು ನನ್ನನ್ನು ಮುಟ್ಟಿತು ಎಂದು ವಾದಿಸಿದೆ. ಸಾಕ್ಷಿಚೆಂಡನ್ನು ಮೇಜಿನ ಮೇಲಿಟ್ಟು ಓದಿಸಿದರು. ಅದು ನನ್ನ ಹೆಸರು ಹೇಳಿತು. ಸಂಗಣ್ಣ ಕಟಕಟೆಯಲ್ಲಿ ನಿಂತು, “ಆಟದಾಗ ಒಗದೆ, ಅಷ್ಟ,” ಎಂದ. ನನ್ನ ಕಡೆ ತಿರುಗಲಿಲ್ಲ. ಹಿರಿಯರಲ್ಲೊಬ್ಬರು ನಿಮ್ಮ ವಾಕ್ಯವನ್ನು ಗಟ್ಟಿಯಾಗಿ ಓದಿ, ಕೈಯಿಂದ ಮುಟ್ಟಬೇಕೆಂದು ಎಲ್ಲಿಯೂ ಬರೆದಿಲ್ಲ, ಬರೆದದ್ದನ್ನು ಬಿಟ್ಟು ನಾವು ಒಂದಕ್ಷರ ಆಚೀಚೆ ಹೋಗುವುದಿಲ್ಲ ಎಂದು ತೀರ್ಪು ಕೊಟ್ಟರು. ಆಮೇಲೆ ಹಾಳೆ ಮಗುಚಿ, ಅಡಿಯಲ್ಲಿದ್ದ, ಆ ವಾಕ್ಯ ಬರೆದವರ ಹೆಸರು ನೋಡಿ ಕೇಳಿದರು: “ಕಡ್ಲಿಕೊಪ್ಪ? ಇದನ್ನ ಬರದಾಕಿ ನಿಮ್ಮ ಮನಿತನದಾಕೀನ ಏನ್ರಿ?”

ಹೌದು ಎಂದೆ. ನೀಲಗಂಗಾ ಮೇಡಂ ನಗು ತಡೆಯಲಾರದೆ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ನಿಮ್ಮ ಮೇಲಿನ ನನ್ನ ಸಿಟ್ಟು ಶುರುವಾದದ್ದು ಆ ಗಳಿಗೆಯಲ್ಲಿ.

ಮೂರನೆಯ ವರ್ಷವಿಡೀ ಬೆಂಚಿನ ಮೇಲೆ ಕೂತು ನಿಮ್ಮ ವಾಕ್ಯವನ್ನೇ ಮನಸ್ಸಿನಲ್ಲಿ ತಿರುವಿಹಾಕಿದೆ. ನಲವತ್ತನೆಯ ಪಂದ್ಯದಲ್ಲಿ, ಒಂಬತ್ತು ಸೆಕೆಂಡು ಉಳಿದಿರುವಾಗ ನನ್ನನ್ನು ಕಳಿಸಿದರು. ನಾನು ಅಂಗಳದ ನಡುವಿಗೆ ಹೋಗಿ ಚಕ್ಕಳಮಕ್ಕಳ ಹಾಕಿ ಕೂತುಬಿಟ್ಟೆ.

ರೆಫರಿ ಓಡಿಬಂದು, “ಏನಾತು? ಪೆಟ್ಟು ಬಿತ್ತೇನು?” ಎಂದರು.

“ಇಲ್ರಿ. ಕುಂತೀನಿ.”

ನಮ್ಮಲ್ಲಿ ಅಂಗಳದ ನೆಲದ ಮೇಲೆ ಕೂರುವುದೆಂದರೆ ಗುಡಿಯೊಳಗೆ ಚಪ್ಪಲಿ ಮೆಟ್ಟಿ ಹೋದಂತೆ. ನಾಲ್ಕು ಸಾವಿರ ಜನ ಒಮ್ಮೆಗೇ ಬೈಯತೊಡಗಿದರು. ನನಗೆ ಮೊದಲು ಚೆಂಡು ಹಿಡಿಯಲು ಕಲಿಸಿದ ನನ್ನ ಸೋದರಮಾವ ಎದ್ದು, ಹೆಂಡತಿಯ ಕೈಹಿಡಿದು ಮೆಟ್ಟಿಲು ಹತ್ತಿ ಹೋಗುವುದನ್ನು ಕಂಡೆ. ಸಂಗಣ್ಣ ಚೆಂಡನ್ನು ಉರುಳಿಸಿದ. ಅದು ನನ್ನ ಮೊಣಕಾಲಿಗೆ ತಾಗಿ ನಿಂತಿತು. ಗಂಟೆ ಹೊಡೆಯಿತು.

ಮತ್ತೆ ಧಾರವಾಡ, ಮತ್ತೆ ಅದೇ ಮೂವರು. ಅಂಗಳದಲ್ಲಿ ನಿಂತು ಮುಟ್ಟಿದವನು ಎಂದಿದೆ, ನಾನು ನಿಂತಿರಲಿಲ್ಲ ಎಂದೆ. ನಿಂತು ಎಂದರೆ ಇದ್ದು ಎಂದೇ ಅರ್ಥ ಎಂದು ತಂಡದ ವಕೀಲರು ಒಂದು ತಾಸು ಹೇಳಿದರು. ಹಿರಿಯರಿಗೆ ನನ್ನ ಮೇಲೆ ಅಸಹ್ಯವಿತ್ತು, ಅದನ್ನು ಅವರು ಮುಚ್ಚಿಡಲಿಲ್ಲ. ಆದರೂ ಹೋದ ಸಲ ಅಕ್ಷರ ಹಿಡಿದು ಕೂತವರು ಈ ಸಲ ಬಿಡುವಂತಿರಲಿಲ್ಲ. “ನಿಂತು ಅಂದ್ರ ನಿಂತನ ಇರಬೇಕು. ಹೋಗ್ರಿ, ನೀವು ಬಿಡುಗಡಿ ಆದ್ರಿ,” ಎಂದರು.

ಬಿಡುಗಡೆಯಾಯಿತು. ಬಳ್ಳಾರಿಗೆ ಹೋದೆ. ಅಲ್ಲಿನ ಕೋಚ್, ವಯಸ್ಸಾದ ಹೆಂಗಸು, ಎರಡು ದಿನ ನನ್ನನ್ನು ಓಡಿಸಿ ನೋಡಿದರು. ಎರಡನೆಯ ದಿನ ಪಕ್ಕದಲ್ಲಿ ಕೂರಿಸಿಕೊಂಡು ನೀರು ಕೊಟ್ಟು, “ಕೈ ಇನ್ನೂ ಐತಿ ನೋಡ್ರಿ. ಕಾಲು ಹ್ವಾದುವು,” ಎಂದರು. ಮೂರು ವರ್ಷ ಕೂತ ಕಾಲುಗಳು. ಅವರ ಮೇಲೆ ಮಾತ್ರ ನನಗೆ ಸಿಟ್ಟು ಬರಲಿಲ್ಲ. ಈಗ ನಾನು ಒಂದು ಕಾಳಿನ ಗೋದಾಮಿನಲ್ಲಿ ಮೇಲ್ವಿಚಾರಕ. ಭಾನುವಾರ ಬೆಳಿಗ್ಗೆ ರೈಲ್ವೆ ವಸತಿಯ ಹಿಂದೆ, ಹೊಟ್ಟೆ ಬಂದ ಗಂಡಸರ ಜೊತೆ ಆಡುತ್ತೇನೆ.

ಹೋದ ವಾರ ಸಂಗಣ್ಣ ಬಂದಿದ್ದ. ಅವನನ್ನೂ ತಂಡ ಬಿಟ್ಟಿದೆಯಂತೆ. ಬಾಗಿಲಲ್ಲಿ ನಿಂತು, “ಒಳಗ ಬರ್ಲೇನು?” ಎಂದ. “ಬ್ಯಾಡ,” ಎಂದೆ. ತಿರುಗಿ ಹೋದ. ಅವನಿಗೆ ಮುಖದ ಮೇಲೆ ಹೇಳಲು ಸಾಧ್ಯವಾಯಿತು. ನೀವು ಉಳಿದಿರಿ, ಅದಕ್ಕೇ ಮರುದಿನ ಹಿಂದಂಚೆಗೆ ಹೋದೆ.

ಆ ವಾಕ್ಯವನ್ನು ಬರೆಯಬೇಡಿ ಎಂದು ಕೇಳುವ ಉದ್ದೇಶದಿಂದ ಈ ಪತ್ರ ಶುರುಮಾಡಿದ್ದೆ. ಕೇಳಲಾರೆ. ಬಾಗಲಕೋಟೆಯವನ ಕಾಲು ಮುರಿದಿದೆ, ಅವನು ಈಗ ನಿಮ್ಮ ಕಚೇರಿಯ ಹೊರಗೆ ಕುರ್ಚಿಯ ಮೇಲೆ ಕೂತಿರಬಹುದು. ನನ್ನ ಸಿಟ್ಟಿಗೆ ಅವನಂಥವರನ್ನು ಕುಂಟರಾಗಿಸಲು ನನಗೆ ಬಾಯಿ ಬರುವುದಿಲ್ಲ, ಹಾಗೆ ಬಾಯಿ ಕಟ್ಟಿಸಿದ್ದಕ್ಕೂ ನಿಮ್ಮ ಮೇಲೆ ಸಿಟ್ಟಿದೆ. ಬರೆಯಿರಿ. ಆದರೆ ಬರೆದದ್ದನ್ನು ಆ ಸಂಜೆ ಗೆಳತಿಯರಿಗೆ ಓದಿ ಹೇಳಬೇಡಿ. ನಿಮ್ಮನ್ನು ಕಂಡರೆ ಆಗದವರ ಕೈಗೆ ಹಾಳೆ ಕೊಟ್ಟು, ಒಂದೊಂದೇ ಪದ ಹಿಡಿದು ಓದಿಸಿ. ಇದರಿಂದ ಒಬ್ಬ ಮನುಷ್ಯನನ್ನು ಹಾಳು ಮಾಡುವುದು ಹೇಗೆ ಎಂದು ಕೇಳಿ. ಅವರು ಹೇಳಿದ್ದನ್ನು ತಿದ್ದಿ, ಮತ್ತೆ ಓದಿಸಿ.

ಅಂಥವರು ಯಾರೂ ನಿಮಗೆ ಪರಿಚಯವಿಲ್ಲದಿದ್ದರೆ, ಇನ್ನು ಮೇಲೆ ಒಬ್ಬನಿದ್ದಾನೆ.

ಇಂದುಧರ ಕಡ್ಲಿಕೊಪ್ಪ