ಬೆಳ್ಳುಳ್ಳಿ ದಂಟಿನ ಭರಣಿ

ಮೇ 14, ಬುಧವಾರ

ಆರನೇ ಕ್ಲಾಸಿಗೆ ಎರಡು ಇಂಗ್ಲಿಷ್ ಪೀರಿಯಡ್. ಊಟಕ್ಕೆ ಮೀನಿನ ಸಾರು. ಆಮೇಲೆ ಬುಧವಾರದ ವಾಲಿಬಾಲ್ — ಟೀಚರುಗಳೆಲ್ಲ ಆಡಲೇಬೇಕು. ಕೊರಿಯಾದ ಈ ನಾಮ್‌ಹೇ ದ್ವೀಪಕ್ಕೆ ಬಂದು ಎಂಟು ವರ್ಷ, ಇವತ್ತೂ ಚೆಂಡು ಬಂದದ್ದು ಕೈಗಲ್ಲ, ಮೂಗಿಗೆ.

“ಥಾಂಡೆಕಾ ಮೇಡಂ, ನಿಮ್ಮ ಆಫ್ರಿಕಾದಲ್ಲಿ ಇದನ್ನ ಮುಖದಲ್ಲೇ ಆಡ್ತಾರಾ?” ಅಂದರು ವೈಸ್ ಪ್ರಿನ್ಸಿಪಾಲ್ ಪ್ಯೊ ಸರ್. ತಾವೇ ನಕ್ಕರು.

ನಾಳೆ ಇಲ್ಲಿಯ ಶಿಕ್ಷಕರ ದಿನ. ಸಂಜೆ ಎಲ್ಲರ ಕಂಪ್ಯೂಟರಿಗೂ ಪ್ಯೊ ಸರ್ ಮೆಸೇಜು: ಮಕ್ಕಳಿಂದ, ಮನೆಯವರಿಂದ ಏನನ್ನೂ ತೆಗೆದುಕೊಳ್ಳಬೇಡಿ, ಒಂದು ಡಬ್ಬಿ ಕಾಫಿಯನ್ನೂ. ಲಂಚದ ಕಾನೂನು. ಪ್ರತಿ ವರ್ಷದ ಮಂತ್ರ.

ಬಸ್‌ಸ್ಟಾಪಿನವರೆಗೆ ದಸೋಲ್ ಜೊತೆಗಿದ್ದಳು. ಆರನೇ ಕ್ಲಾಸಿನಲ್ಲಿ ಯಾರೂ ಕೇಳದಿದ್ದರೂ ಇಂಗ್ಲಿಷ್ ಮಾತಾಡುವವಳು ಅವಳೊಬ್ಬಳೇ. ಅಜ್ಜಿಯ ನಾಯಿ, ಅಜ್ಜಿಯ ಮಂಡಿನೋವು, ಅಜ್ಜಿಯ ಬೈಗುಳ — ಬೈಗುಳ ಮಾತ್ರ ಕೊರಿಯನ್ನಿನಲ್ಲಿ, ಇದ್ದದ್ದು ಇದ್ದಂತೆ. ಇಡೀ ದಿನದಲ್ಲಿ ನನಗೆ ಬೇಕಾದದ್ದು ಆ ಹತ್ತು ನಿಮಿಷ.

ಮೇ 15, ಗುರುವಾರ

ಬೆಳಿಗ್ಗೆ ಕ್ಲಾಸ್ ಲೀಡರ್ ಎಲ್ಲರೆದುರು ಒಂದು ಹೂವು ಕೊಟ್ಟ. ಎಲ್ಲರೆದುರು ಆದರೆ ಪರವಾಗಿಲ್ಲ, ಅಷ್ಟಕ್ಕೆ ಕಾನೂನಿನ ಒಪ್ಪಿಗೆಯಿದೆ.

ಮೂರನೇ ಪೀರಿಯಡ್ ಮುಗಿಯುವಾಗ ದಸೋಲ್ ಅಜ್ಜಿ ಸ್ಟಾಫ್‌ರೂಮಿಗೆ ಬಂದರು. ಬಗ್ಗಿದ ಬೆನ್ನು, ಹೂವಿನ ಪ್ಯಾಂಟು, ಎದೆಗವಚಿಕೊಂಡ ಗುಲಾಬಿ ಬಟ್ಟೆಯ ಗಂಟು. ಬಿಚ್ಚಿದರು. ಭರಣಿ. ಬೆಳ್ಳುಳ್ಳಿ ದಂಟಿನ ಉಪ್ಪಿನಕಾಯಿ.

“ಮೇಷ್ಟ್ರಮ್ಮ, ನಮ್ಮ ಹುಡುಗಿ ಮನೇಲೆಲ್ಲಾ ನಿಮ್ಮದೇ ಪುರಾಣ. ಇದನ್ನ ಅನ್ನದ ಜೊತೆ ತಿನ್ನಿ. ಈ ವರ್ಷದ ದಂಟು ಬೆಣ್ಣೆ ಇದ್ದಂಗಿದೆ.”

ಪ್ಯೊ ಸರ್ ಎದ್ದು ನಿಂತರು. ನನ್ನ ಕಡೆ ನೋಡಿದರು. ನಾನೇ ಹೇಳಬೇಕಿತ್ತು. ಹೇಳಿದೆ — ತಪ್ಪು ತಿಳೀಬೇಡಿ ಅಜ್ಜಿ, ತೆಗೆದುಕೊಳ್ಳುವ ಹಾಗಿಲ್ಲ, ಕಾನೂನು.

“ಯಾವ ಕಾನೂನು?”

“ಲಂಚದ್ದು,” ಅಂದರು ಪ್ಯೊ ಸರ್, ಮೆಲ್ಲಗೆ.

ಅಜ್ಜಿ ಭರಣಿ ನೋಡಿದರು. ನನ್ನ ನೋಡಿದರು. “ಅರವತ್ತು ವರ್ಷದಿಂದ ಉಪ್ಪಿನಕಾಯಿ ಹಾಕ್ತಿದೀನಿ. ಇದು ಲಂಚ ಅಂತ ಇವತ್ತೇ ಗೊತ್ತಾಗಿದ್ದು.” ಮತ್ತೆ ಗಂಟು ಕಟ್ಟಿದರು. ಗಂಟು ಎರಡು ಸಲ ಜಾರಿತು. ಯಾರೂ ಸಹಾಯಕ್ಕೆ ಹೋಗಲಿಲ್ಲ. ನಾನೂ.

ದಸೋಲ್ ಬಾಗಿಲಲ್ಲಿ ನಿಂತಿದ್ದಳು. ಎಲ್ಲ ಕೇಳಿಸಿಕೊಂಡಿದ್ದಳು.

ಮೇ 16, ಶುಕ್ರವಾರ

ಬಸ್‌ಸ್ಟಾಪಿಗೆ ಒಬ್ಬಳೇ.

ಕ್ಲಾಸಿನಲ್ಲಿ ದಸೋಲ್ ತಲೆಯೆತ್ತಲಿಲ್ಲ. ಕೇಳಿದ್ದಕ್ಕೆ ಯೆಸ್, ನೋ. ಅಷ್ಟೇ.

ರಾತ್ರಿ ಡರ್ಬನ್ನಿಗೆ ಫೋನ್ ಮಾಡಿ ಅಮ್ಮನಿಗೆ ಹೇಳಿದೆ. ಸಮಾಧಾನ ಮಾಡುತ್ತಾಳೆ ಅಂದುಕೊಂಡಿದ್ದೆ. “ಮುದುಕಿ ತಂದ ಊಟಾನ ವಾಪಸ್ ಕಳಿಸಿದ್ಯಾ? ಇದಕ್ಕಾ ನಿನ್ನ ಓದ್ಸಿದ್ದು?” ಇಂಗು ತಿಂದ ಮಂಗನಂತೆ ಕೂತೆ.

ಮೇ 21, ಬುಧವಾರ

ಇಷ್ಟು ದಿನ ಬರೆಯಲು ಮನಸ್ಸಾಗಲಿಲ್ಲ. ಆ ಹುಡುಗಿಯ ಮೌನ ನನ್ನನ್ನು ತಿನ್ನುತ್ತಿದೆ. ಕಾನೂನಿನ ಮೇಲೆ ಸಿಟ್ಟು, ಪ್ಯೊ ಸರ್ ಮೇಲೆ ಸಿಟ್ಟು. ಹೆಚ್ಚಿನದು ನನ್ನ ಮೇಲೆ.

ನನ್ನ ಜೊತೆ ಕ್ಲಾಸು ತೆಗೆದುಕೊಳ್ಳುವ ಬೊಂಗ್ ಮೇಡಂ ಈ ದ್ವೀಪದವರೇ. ಅವರಿಗೆ ಹೇಳಿದೆ — ಮನೆಗೆ ಹೋಗಿ ಕ್ಷಮೆ ಕೇಳಲಾ?

“ಅಯ್ಯೋ, ಬೇಡ! ಬಾಯಿಮಾತಿನ ಕ್ಷಮೆ ಆ ಅಜ್ಜಿಗೆ ಇನ್ನೊಂದು ಅವಮಾನ. ಈಗ ಹೊಲದಲ್ಲಿ ಬೆಳ್ಳುಳ್ಳಿ ಕೀಳೋ ಸಮಯ. ಆಳು ಸಿಗ್ತಿಲ್ಲ, ಆ ಮಗೂನೇ ಶಾಲೆ ಬಿಟ್ಮೇಲೆ ಕೀಳ್ತಿದೆ.” ವಾಲಿಬಾಲಿಗೆ ಶೂ ಕಟ್ಟುತ್ತ, ನನ್ನ ಕಡೆ ನೋಡದೆ ಸೇರಿಸಿದರು: “ಹೊಲಕ್ಕೆ ಬಂದೋರನ್ನ ಉಣ್ಣಿಸದೆ ಕಳಿಸೋ ಪದ್ಧತಿ ನಮ್ಮಲ್ಲಿಲ್ಲ.”

ಕೈ ಕೆಸರಾದರೆ ಬಾಯಿ ಮೊಸರು. ಇಷ್ಟು ಸುಲಭದ್ದು ನನಗೆ ಹೊಳೆದಿರಲಿಲ್ಲ.

ಮೇ 24, ಶನಿವಾರ, ಸಂಜೆ

ಬೆನ್ನು ನನ್ನದಲ್ಲ. ಪೆನ್ನು ಹಿಡಿಯಲೂ ಆಗುತ್ತಿಲ್ಲ.

ಮೊದಲ ಬಸ್ಸಿಗೇ ಹೋದೆ. ಅಜ್ಜಿ ಸಾಲಿನ ಮಧ್ಯದಿಂದ ತಲೆಯೆತ್ತಿದರು.

“ಏನ್ ಮೇಷ್ಟ್ರಮ್ಮ, ದಾರಿ ತಪ್ಪಿದ್ರಾ?”

“ಕೀಳೋಕೆ ಬಂದೆ.”

“ಬರುತ್ತಾ?”

“ಇಲ್ಲ.”

“ಸುಳ್ಳಂತೂ ಹೇಳಲ್ಲ,” ಎಂದು ನಾಯಿಗೆ ಹೇಳಿದರು. ಸೊಂಟಕ್ಕೆ ಕಟ್ಟಿಕೊಳ್ಳುವ ಒಂದು ದಪ್ಪ ದಿಂಬು ಎಸೆದರು. ಕೂತರೆ ಕುರ್ಚಿ, ಎದ್ದರೆ ಬಾಲ. ಅದನ್ನು ಕಟ್ಟಿಕೊಂಡು ಬಾತುಕೋಳಿಯ ಹಾಗೆ ಸಾಲು ಹಿಡಿದು ಹೋದೆ. ಎಳೆದರೆ ಗಡ್ಡೆ ನೆಲದಲ್ಲೇ, ದಂಟು ನನ್ನ ಕೈಯಲ್ಲಿ. ಸ್ವಲ್ಪ ಹೊತ್ತಿಗೆ ಅಜ್ಜಿಗೆ ತಾಳ್ಮೆ ಕೆಟ್ಟಿತು.

“ಏಯ್, ಅದೇನು ಕೋಳಿ ಕತ್ತು ತಿರುವಿದಂಗೆ ತಿರುವ್ತೀಯ! ಬುಡ ಹಿಡ್ಕೊ, ಬುಡ!”

ಶಾಲೆಯಲ್ಲಿ ‘ನೀವು’ ಅಂದವರು. ಬೈದದ್ದಕ್ಕೆ ಇಷ್ಟು ಖುಷಿ ನನಗೆ ಎಂದೂ ಆಗಿರಲಿಲ್ಲ.

ಬಿಸಿಲೇರಿದಾಗ ಬದುವಿನ ಮೇಲೆ ಬುತ್ತಿ ಬಿಚ್ಚಿದರು. ಅನ್ನ, ಅಕ್ಕಿಯ ಹೆಂಡ, ಮತ್ತು ಆ ಭರಣಿ. ಅಜ್ಜಿ ಏನೂ ಅನ್ನದೆ ಅದನ್ನು ನನ್ನ ಮುಂದೆ ತಳ್ಳಿದರು. ತಿಂದೆ. ಹುಳಿ, ಉಪ್ಪು, ಚೂರು ಸಿಹಿ. ಬೇಡ ಅಂದದ್ದು ಇದನ್ನೇ. ಇನ್ನಷ್ಟು ಬಡಿಸಿದರು.

ದಸೋಲ್ ಮಾತ್ರ ನಮಗೆ ಬೆನ್ನು ಹಾಕಿ ಕೂತು ಗಡ್ಡೆಗಳ ಮಣ್ಣು ಉದುರಿಸುತ್ತಿದ್ದಳು. ಹೊರಡುವಾಗ ‘ಬೈ ಬೈ’ ಅಂದೆ. ಇನ್ನೊಂದು ಗಡ್ಡೆ ಎತ್ತಿಕೊಂಡಳು. ಅಜ್ಜಿ ಒಲಿದರೂ ಅವಳು ಒಲಿಯಲಿಲ್ಲ. ಬಸ್ಸಿನಲ್ಲಿ ಸ್ವಲ್ಪ ಅತ್ತೆ.

ಮೇ 26, ಸೋಮವಾರ

ಊಟದ ನಂತರ ಪ್ಯೊ ಸರ್ ಕರೆದರು. ಮುಖ ಗಂಭೀರ. ದ್ವೀಪದಲ್ಲಿ ಕೆಮ್ಮಿದರೂ ಸುದ್ದಿ.

“ಮೇಡಂ, ಹೊಲದಲ್ಲಿ ಉಂಡ್ರಂತೆ.”

“ಉಂಡೆ, ಸರ್.”

“ಪುಕ್ಕಟೆ ಉಂಡಿದ್ರೆ ಉಡುಗೊರೆ. ಲಂಚದ ಕಾನೂನು. ಕೆಲಸ ಮಾಡಿ ಉಂಡಿದ್ರೆ ಕೂಲಿ. ನಿಮ್ಮ ವೀಸಾದಲ್ಲಿ ಶಾಲೆ ಬಿಟ್ಟು ಬೇರೆ ಕಡೆ ಕೂಲಿ ಮಾಡೋ ಹಾಗಿಲ್ಲ.”

ಅತ್ತ ದರಿ, ಇತ್ತ ಪುಲಿ. “ಹಾಗಾದ್ರೆ ನಾನು ಉಂಡಿದ್ದು ಏನು ಸರ್?”

“ಅದೇ ನನಗೂ ಗೊತ್ತಾಗ್ತಿಲ್ಲ. ರಾತ್ರಿಯೆಲ್ಲ ಯೋಚನೆ ಮಾಡ್ದೆ. ನಿಮಗೆ ತೊಂದರೆ ಆಗಬಾರದು ಅಂತ.” ಹಣೆ ಒರೆಸಿಕೊಂಡರು. ಮೊದಲ ಸಲ ಅವರ ಮೇಲೆ ಸಿಟ್ಟು ಬರಲಿಲ್ಲ.

“ಮತ್ತೆ ಹೋಗಬೇಡಿ,” ಅನ್ನುವಷ್ಟರಲ್ಲಿ ಸ್ಟಾಫ್‌ರೂಮಿನ ಬಾಗಿಲು ಸರಿಯಿತು. ದಸೋಲ್. ನೇರ ನಮ್ಮ ಮುಂದೆ ಬಂದು, ಕೈ ಕಟ್ಟಿ, ಪಾಠ ಒಪ್ಪಿಸುವ ಹಾಗೆ ಕೊರಿಯನ್ನಿನಲ್ಲಿ ಶುರು ಮಾಡಿದಳು.

“ಅಜ್ಜಿ ಹೇಳಿ ಕಳ್ಸಿದಾರೆ. ಟೀಚರ್ ಬೆಳ್ಳುಳ್ಳಿ ಕಿತ್ತಿದ್ದು ತುಂಬಾ ಕೆಟ್ಟದಾಗಿದೆಯಂತೆ. ದಂಟು ಮುರಿದಿರೋದನ್ನ ಕಟ್ಟು ಕಟ್ಟೋಕಾಗಲ್ಲ, ಮಾರೋಕಾಗಲ್ಲ. ಆ ನಷ್ಟ ತುಂಬಿ ಕೊಡೋಕೆ ಈ ಶನಿವಾರಾನೂ ಬರ್ಬೇಕಂತೆ.” ಉಸಿರು ತೆಗೆದುಕೊಂಡಳು. “ಭರಣಿ ವಾಪಸ್ ಕಳ್ಸಿದ ಆ ಸರ್ ಕೂಡ.”

ಬೊಂಗ್ ಮೇಡಂ ಕಂಪ್ಯೂಟರಿನ ಹಿಂದೆ ತಲೆ ತಗ್ಗಿಸಿ ನಡುಗುತ್ತಿದ್ದರು — ನಗು.

ಪ್ಯೊ ಸರ್ ಪೆನ್ನಿನಿಂದ ಮೇಜು ಕುಟ್ಟಿದರು. “ನಷ್ಟ ತುಂಬಿ ಕೊಡೋದು... ಉಡುಗೊರೆ ಅಲ್ಲ,” ಎಂದರು. “ಕೂಲೀನೂ ಅಲ್ಲ.” ಮುಖ ಬೆಳಗಿತು. “ಅದು ಕರ್ತವ್ಯ!”

ದಸೋಲ್ ಬಾಗಿಲ ತನಕ ಹೋಗಿ ತಿರುಗಿದಳು. ನನ್ನನ್ನೇ ನೋಡಿ ಇಂಗ್ಲಿಷಿನಲ್ಲಿ ಹೇಳಿದಳು — ಟೀಚರ್, ನೀವು ತುಂಬಾ ಕೆಟ್ಟ ರೈತ. ಪರವಾಗಿಲ್ಲ. ನಾನು ಕಲಿಸ್ತೀನಿ.

ಎದ್ದು ಬಾತ್‌ರೂಮಿಗೆ ಹೋದೆ. ಮುಖ ತೊಳೆದುಕೊಂಡು ಬಂದೆ.

ಮೇ 31, ಶನಿವಾರ, ಬೆಳಿಗ್ಗೆ

ನನ್ನ ಮನೆಯ ಕೆಳಗೆ ಪ್ಯೊ ಸರ್ ಕಾರು. ಹೇಳಿದ ಸಮಯಕ್ಕಿಂತ ಮೊದಲೇ. ತಲೆಗೆ ಹೊಲದ ಟೋಪಿ, ಸೊಂಟಕ್ಕೆ ಆಗಲೇ ದಿಂಬು — ಅದನ್ನು ಕಟ್ಟಿಕೊಂಡೇ ಕಾರು ಓಡಿಸಿಕೊಂಡು ಬಂದಿದ್ದಾರೆ. ಹಿಂದಿನ ಸೀಟಿನಲ್ಲಿ ಜ್ಯೂಸಿನ ಪೆಟ್ಟಿಗೆ, ಕಿತ್ತಳೆ, ರಿಬ್ಬನ್ ಕಟ್ಟಿದ ಕೇಕು.

ಕಿಟಕಿಯಿಂದ ಕೂಗಿದೆ: “ಸರ್, ಅದೆಲ್ಲ ಏನು?”

“ಹಿರಿಯರ ಮನೆಗೆ ಬರಿಗೈಲಿ ಹೋಗೋಕಾಗುತ್ತೇನ್ರೀ!” ಎಂದರು, ನನಗೆ ಬುದ್ಧಿಯೇ ಇಲ್ಲವೆಂಬಂತೆ.

ಕಾನೂನು, ಸರ್, ಅನ್ನಬೇಕು ಅಂದುಕೊಂಡೆ. ನಗು ಬಂದು ಆಗಲಿಲ್ಲ. ಹಾರ್ನ್ ಹೊಡೆಯುತ್ತಿದ್ದಾರೆ. ಬೂಟು ಎಲ್ಲಿ ಹಾಳಾಗಿ ಹೋಯ್ತೋ —