ಮೇಣದಬತ್ತಿ ಆರಿದ ಮೇಲೆ

ಮನೆಯ ಹಿಂದಿನ ಕೋಣೆಯಿಂದ,
ಹನ್ನೆರಡನೆಯ ತಾರೀಖು, ಬುಧವಾರ ಬೆಳಿಗ್ಗೆ

ಪ್ರೀತಿಯ ಮಗಳೇ,

ಸೊಸೆ ಎಂದು ಬರೆಯಲು ಇಷ್ಟು ವರ್ಷವಾದರೂ ಕೈ ಬರುವುದಿಲ್ಲ, ಮಗಳೇ ಎಂದೇ ಇಟ್ಟುಕೋ. ಗಂಟಲು ಹೇಗಿದೆ? ನುಂಗುವಾಗ ನೋವು ಕಡಿಮೆಯಾಯಿತೇ? ಆಪರೇಷನ್ನಿನ ಹೊಲಿಗೆ ಒಣಗಿದೆ, ಆದರೆ ದನಿ ಮಾತ್ರ ಪಿಸುಮಾತಿಗಿಂತ ಮೇಲೇಳುತ್ತಿಲ್ಲ ಎಂದು ನಿನ್ನ ಗಂಡ ಹೇಳಿದ. ಡಾಕ್ಟರು ಬೇಡವೆಂದ ಮೇಲೆ ಪಿಸುಗುಟ್ಟಲೂ ಹೋಗಬೇಡ. ನಿಮ್ಮಮ್ಮ ಹತ್ತಿರವಿದ್ದಾರೆ, ಅದೇ ನನಗೆ ಧೈರ್ಯ. ಆ ನನ್ನ ಮಗ ಅಡುಗೆಮನೆಗೆ ಕಾಲಿಟ್ಟರೆ ಮಾತ್ರ ತಟ್ಟೆ ಬಡಿದಾದರೂ ತಡೆ. ಅವನು ಮಾಡಿದ ಸೂಪು ಕುಡಿದರೆ ನೆಟ್ಟಗಿರುವ ಗಂಟಲೂ ಕಟ್ಟುತ್ತದೆ. ನಾನು ಗುಂಡುಕಲ್ಲಿನ ಹಾಗಿದ್ದೇನೆ, ಮಂಡಿ ಮಾತ್ರ ಮೆಟ್ಟಿಲು ಕಂಡರೆ ಮುನಿಸಿಕೊಳ್ಳುತ್ತದೆ. ಫೋನ್ ಬಿಟ್ಟು ಕಾಗದ ಯಾಕೆ ಎಂದು ಕೇಳುತ್ತೀಯ. ಫೋನಿನಲ್ಲಿ ನಾನೊಬ್ಬನೇ ಮಾತಾಡುತ್ತಾ, ನೀನು ಆ ಕಡೆ ಬರೀ ಉಸಿರಾಡುವುದನ್ನು ಕೇಳಿಸಿಕೊಳ್ಳಲು ನನ್ನಿಂದ ಆಗಲಿಲ್ಲ. ಕಾಗದದಲ್ಲಾದರೆ ನಾವಿಬ್ಬರೂ ಸಮ.

ನಿನ್ನ ಚೀಟಿ ಕೈಸೇರಿತು. "ಸಂಜೆ ತರಗತಿ ನಿಲ್ಲಿಸಿಬಿಡಿ ಮಾವ, ಮಕ್ಕಳನ್ನ ಬೇರೆ ಕಡೆ ಕಳಿಸಿ, ದನಿಯಿಲ್ಲದ ಟೀಚರ್ ಯಾರಿಗೆ ಬೇಕು" ಎಂದು ಬರೆದಿದ್ದೆ. ಓದಿ, ಮಡಿಸಿ, ಕನ್ನಡಕದ ಡಬ್ಬಿಯಲ್ಲಿಟ್ಟೆ. ತರಗತಿಯನ್ನು ನಿಲ್ಲಿಸಲಿಲ್ಲ. ನೀನು ಆಪರೇಷನ್ನಿಗೆ ಹೊರಟ ವಾರದಿಂದಲೇ ಅದು ನಡೆಯುತ್ತಿದೆ, ಪಾಠ ಮಾಡುತ್ತಿರುವವನು ನಾನೇ. ನಗಬೇಡ, ನಕ್ಕರೆ ಹೊಲಿಗೆ ಎಳೆಯುತ್ತದೆ. ನಿನ್ನ ಎತ್ತರದ ಸ್ಟೂಲಿನ ಮೇಲೆ ನಾನು ಕೂತಿಲ್ಲ, ನಿಂತೇ ಮಾಡುತ್ತೇನೆ. ಬದುಕೆಲ್ಲ ಬಸ್ಸಿನಲ್ಲಿ ನಿಂತ ಕಂಡಕ್ಟರ್ ತಾನೇ, ಕೂತರೆ ನನಗೆ ಮಾತು ಹೊರಡುವುದಿಲ್ಲ.

ನೀನು ಈ ಮನೆಗೆ ಬಂದ ಹೊಸದರಲ್ಲಿ ಒಂದು ದಿನ ನನ್ನನ್ನು ಕೇಳಿದ್ದು ನೆನಪಿದೆಯೇ? "ಮಾವ, ಡ್ರೈವರ್ ಬ್ರೇಕ್ ಹಾಕಿದಾಗ ಜನ ಮುಂದಕ್ಕೆ ಯಾಕೆ ಮುಗ್ಗರಿಸ್ತಾರೆ?" ಜನರಿಗೆ ಕಂಬಿ ಹಿಡಿಯುವ ಬುದ್ಧಿ ಇಲ್ಲ, ಅದಕ್ಕೇ ಎಂದಿದ್ದೆ. ನೀನು ನಗಲಿಲ್ಲ. ಮೇಜಿನ ಮೇಲೆ ಪುಸ್ತಕ, ಅದರ ಮೇಲೊಂದು ಗೋಲಿ ಇಟ್ಟು, ಪುಸ್ತಕವನ್ನು ಮೆಲ್ಲಗೆ ಸರಿಸುತ್ತಾ ಹೋಗಿ ಗಕ್ಕನೆ ನಿಲ್ಲಿಸಿದೆ. ಪುಸ್ತಕ ನಿಂತಿತು, ಗೋಲಿ ನಿಲ್ಲಲಿಲ್ಲ. ಚಲಿಸುವುದು ತಡೆಯುವವರು ಬರುವ ತನಕ ಚಲಿಸುತ್ತಲೇ ಇರುತ್ತದೆ, ಅದಕ್ಕೆ ಜಡತ್ವ ಎನ್ನುತ್ತಾರೆ ಎಂದು ನೀನು ಹೇಳಿದೆ. ಅಷ್ಟು ವರ್ಷ ನನ್ನ ಸೊಂಟಕ್ಕೆ ಗೊತ್ತಿದ್ದದ್ದು ಅವತ್ತು ನನ್ನ ತಲೆಗೂ ಗೊತ್ತಾಯಿತು. ನಿನ್ನತ್ತೆ ತೀರಿಕೊಂಡ ವರ್ಷವದು. ಯಾವುದೂ ಬೇಡವಾಗಿ ಗೋಡೆ ನೋಡುತ್ತಾ ಕೂತಿದ್ದವನಿಗೆ, ನಾಳೆ ಈ ಹುಡುಗಿ ಇನ್ನೇನು ತೋರಿಸುತ್ತಾಳೋ ಎಂಬ ಆಸೆ ಹುಟ್ಟಿದ್ದು ಆ ಗೋಲಿಯಿಂದ. ಇದನ್ನು ನಿನಗೆ ಒಮ್ಮೆಯೂ ಬಾಯಿಬಿಟ್ಟು ಹೇಳಿರಲಿಲ್ಲ, ಈಗ ಹೇಳುತ್ತಿದ್ದೇನೆ.

ಇನ್ನು ನನ್ನ ಪಾಠದ ಅವಾಂತರ ಕೇಳು. ಮೊದಲ ದಿನ ವಿಜ್ಞಾನದ ಪಠ್ಯಪುಸ್ತಕವನ್ನು ಸ್ಟಾಪುಗಳ ಹೆಸರು ಕೂಗುವ ಹಾಗೆ ಕೂಗಿ ಓದಿದೆ. ಬೇಕರಿಯವನ ಮಗ, ನೀನು ತಂಟೆ ಎಂದು ಕರೆಯುವವನು, ಆಕಳಿಸಿದ. ಎರಡನೆಯ ದಿನ ನಿನ್ನ ಪ್ರಯೋಗದ ಸಾಮಾನಿನ ಡಬ್ಬಿ ತೆಗೆದು ತಟ್ಟೆಯಲ್ಲಿ ನೀರು ಹಾಕಿ, ನಡುವೆ ಮೇಣದಬತ್ತಿ ಹಚ್ಚಿ, ಮೇಲೆ ಗಾಜಿನ ಲೋಟ ಬೋರಲು ಹಾಕಿದೆ. ಬತ್ತಿ ಆರಿತು, ನೀರು ಲೋಟದೊಳಗೆ ಏರಿತು. ನಾನು ಎದೆಯುಬ್ಬಿಸಿ, ಬೆಂಕಿ ಆಮ್ಲಜನಕವನ್ನೆಲ್ಲ ತಿಂದು ಮುಗಿಸಿತು, ಖಾಲಿಯಾದ ಜಾಗಕ್ಕೆ ನೀರು ನುಗ್ಗಿತು ಎಂದು ಘೋಷಿಸಿದೆ. ಕನ್ನಡಕದ ಹುಡುಗಿ ಮೆಲ್ಲಗೆ, "ತಾತ, ತಿಂತಾ ಇರುವಾಗಲೇ ಏರಬೇಕಿತ್ತಲ್ಲ. ಆರಿದ ಮೇಲೆ ಯಾಕೆ ಗಬಕ್ಕನೆ ಏರ್ತು?" ಎಂದಳು. ಗದರಿಸಿ ಕೂರಿಸೋಣ ಎನ್ನಿಸಿತು. ಆಗ ನಿನ್ನ ನೆನಪಾಗಿ, ನನಗೆ ಗೊತ್ತಿಲ್ಲ, ಇನ್ನೊಂದು ಸಲ ನೋಡೋಣ ಎಂದೆ.

ಎರಡನೆಯ ಸಲ ಎಲ್ಲರೂ ತಟ್ಟೆಗೆ ಮೂಗು ತಾಗಿಸಿ ನೋಡಿದರು. ಬತ್ತಿ ಉರಿಯುವಾಗ ಲೋಟದ ಅಂಚಿನಿಂದ ಗುಳುಗುಳು ಗುಳ್ಳೆ ಬಂದದ್ದನ್ನು ಹಿಡಿದವನು ತಂಟೆ. ಒಳಗಿನ ಗಾಳಿ ಕಾದು ಹಿಗ್ಗಿ ಹೊರಗೆ ಹೋಗುತ್ತಿದೆ ಎಂದು ಅವನೇ ಹೇಳಿದ. ಹಾಗಾದರೆ ಬತ್ತಿಯೇ ಬೇಡವಲ್ಲ ಎಂದು ಜಾಡಿಯೊಂದಕ್ಕೆ ಬಿಸಿನೀರು ಹಾಕಿಸಿ, ಚೆಲ್ಲಿಸಿ, ಹಾಗೇ ತಟ್ಟೆಯ ನೀರಿನಲ್ಲಿ ಬೋರಲು ಹಾಕಿಸಿದ. ಸ್ವಲ್ಪ ಹೊತ್ತಿಗೆ ಜಾಡಿ ತಣ್ಣಗಾಯಿತು, ನೀರು ತಾನಾಗಿ ಹತ್ತಿತು. ಒಳಗಿದ್ದದ್ದು ತಣಿದು ಕುಗ್ಗಿತು, ಹೊರಗಿನ ಗಾಳಿ ನೀರನ್ನು ಒಳಕ್ಕೆ ಒತ್ತಿತು. ನಾನು ಹೇಳಿದ್ದೆಲ್ಲ ಮಣ್ಣುಪಾಲಾಯಿತು, ನನಗೋ ಹಿಡಿಸಲಾರದಷ್ಟು ಖುಷಿ.

ಮಕ್ಕಳು ನಿನ್ನ ಗಂಟಲಿನ ವಿಷಯವನ್ನೂ ಬಿಟ್ಟಿಲ್ಲ. ಬಿಸ್ಕತ್ತಿನ ಡಬ್ಬಿಗೆ ಎರಡು ರಬ್ಬರ್ ಬ್ಯಾಂಡ್ ಬಿಗಿದು ಮೀಟಿ, ಅಲುಗಾಡಿದರೆ ಶಬ್ದ, ಬೆರಳಿಟ್ಟು ತಡೆದರೆ ಇಲ್ಲ ಎಂದು ಕನ್ನಡಕದ ಹುಡುಗಿ ನನಗೆ ತೋರಿಸಿದಳು. "ಟೀಚರ್ ಗಂಟಲಲ್ಲೂ ಇಂಥವು ಎರಡಿವೆ ತಾತ, ಒಂದು ಅಲುಗಾಡೋದನ್ನ ಮರೆತಿದೆ" ಎಂದಳು. ನಿನ್ನ ಡಾಕ್ಟರು ಅಷ್ಟುದ್ದ ಹೇಳಿದ್ದು ನನಗೆ ಅರ್ಥವಾಗಿದ್ದು ಆಗಲೇ. ಅಳು ಬಂತು, ಮಕ್ಕಳೆದುರು ಮೂಗು ಒರೆಸಿಕೊಂಡು ನೆಗಡಿ ಎಂದೆ. ಒಂದು ಮಾತು ಮಾತ್ರ ನಿಜ, ಮಗಳೇ: ಇವರಿಗೆ ಹೀಗೆ ನೋಡುವುದನ್ನು ಕಲಿಸಿದವಳು ನೀನು. ನಾನು ಬರೀ ನೀರು ಹಾಕಿದವನು.

ನಿಮ್ಮಮ್ಮನಿಗೆ ನನ್ನ ನಮಸ್ಕಾರ ತಿಳಿಸು. ನಿನ್ನ ಗಂಡನಿಗೆ ಅರ್ಧ ಆಶೀರ್ವಾದ, ಉಳಿದರ್ಧ ಸೂಪು ಕಲಿತ ಮೇಲೆ. ನಿನಗೆ ಮಾತ್ರ ಪೂರ್ತಿ, ಮನಸಾರೆ. ಚೆನ್ನಾಗಿ ನಿದ್ದೆ ಮಾಡು.

ನಿನ್ನ ವಾಚಾಳಿ ಮಾವ

ಮರೆತಿದ್ದೆ: ಅಂಚೆಪೆಟ್ಟಿಗೆಗೆ ಹೊರಟು ಚಪ್ಪಲಿ ಹಾಕಿಕೊಂಡವನು ವಾಪಸು ಬಂದು ಇದನ್ನು ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ಕ್ಷಮಿಸು. ಮೊದಲೆಲ್ಲ ನಿನ್ನ ತರಗತಿ ನಡೆಯುವಾಗ ಗೋಡೆಯ ಈಚೆ ಕೂತ ನನಗೆ ಮಕ್ಕಳ ಗದ್ದಲವೇ ಕೇಳುತ್ತಿತ್ತು, ನಿನ್ನ ದನಿ ಅಪರೂಪ. ಇವಳು ಪಾಠ ಮಾಡುವುದು ಯಾವಾಗಪ್ಪಾ ಎಂದುಕೊಳ್ಳುತ್ತಿದ್ದೆ. ನಿನ್ನ ಚೀಟಿ ಓದಿದ ಮೇಲೆ ಅದು ನೆನಪಾಗಿ, ನಿನ್ನೆ ಪಾಠ ಮುಗಿಯುವ ತನಕ ತುಟಿ ಬಿಚ್ಚಬಾರದೆಂದು ನಿರ್ಧರಿಸಿದೆ. ನನಗೆ ಅದೆಷ್ಟು ಕಷ್ಟ ಎಂದು ನಿನಗೇ ಗೊತ್ತು. ಖಾಲಿ ಬಾಟಲಿಯ ಬಾಯಿಗೆ ಬಲೂನು ಸಿಕ್ಕಿಸಿ ಬಿಸಿನೀರಿನಲ್ಲಿ ನಿಲ್ಲಿಸಿದೆ. ಮಕ್ಕಳು ತಾತನಿಗೆ ಏನಾಯಿತೆಂದು ಮುಖ ಮುಖ ನೋಡಿಕೊಂಡರು. ಬಲೂನು ಮೆಲ್ಲಗೆ ಎದ್ದು ನಿಂತ ಮೇಲೆ ನನ್ನನ್ನು ಮರೆತೇಬಿಟ್ಟರು. ನಾನು ಹುಬ್ಬೇರಿಸಿದೆ, ಬೆರಳು ತೋರಿಸಿದೆ, ಬಾಟಲಿಯನ್ನು ತಣ್ಣೀರಿಗೆ ಇಟ್ಟೆ, ಕಾದೆ. ಅವರವರೇ ಜಗಳಾಡಿ, ಕಾರಣ ಹುಡುಕಿ, ಹಲಗೆಯ ಮೇಲೆ ಬರೆದರು. ಹೋಗುವಾಗ ತಂಟೆ ಬಾಗಿಲ ಹತ್ತಿರ ಚಪ್ಪಲಿ ಮೆಟ್ಟುತ್ತಾ ಹೇಳಿದ: "ತಾತ, ಇವತ್ತು ನೀವು ಥೇಟ್ ನಮ್ಮ ಟೀಚರ್ ಥರಾನೇ ಪಾಠ ಮಾಡಿದ್ರಿ."